ಸಹಿ ಹಾಕಿದವರೆಲ್ಲ ಒಪ್ಪಿದವರಲ್ಲ

ಪ್ರಶ್ನೆ: ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ವಿಭಾಗವೊಂದಕ್ಕೆ ನಾನು ಮ್ಯಾನೇಜರ್. ನನ್ನ ಕೈಕೆಳಗೆ 26 ಜನ ಇದ್ದಾರೆ. ಇಷ್ಟು ದಿನ ಪ್ರತಿಯೊಬ್ಬರಿಗೂ ಒಂದೇ ಖಾಯಂ ಶಿಫ್ಟ್ ಇತ್ತು. ರಾತ್ರಿ ಬರುವ ಕರೆಗಳು ಜಾಸ್ತಿಯಾದ್ದರಿಂದ ವಾರಕ್ಕೊಮ್ಮೆ ಬದಲಾಗುವ ಶಿಫ್ಟ್ ತರಬೇಕಾಯಿತು. ಹೇಳದೆ ಕೇಳದೆ ಹೇರಬಾರದು ಅಂತ ಎಲ್ಲರನ್ನೂ ಮೀಟಿಂಗ್‌ಗೆ ಕರೆದೆ. ಹೊಸ ಪಟ್ಟಿ ತೋರಿಸಿದೆ. "ಯಾರಿಗಾದರೂ ಅಭ್ಯಂತರ ಇದೆಯಾ?" ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಒಪ್ಪಿಗೆ ಪತ್ರಕ್ಕೆ ಎಲ್ಲರೂ ಸಹಿ ಹಾಕಿದರು. ಈಗ ಎರಡು ತಿಂಗಳಾಗಿದೆ. ರಜೆ ಹಾಕುವವರು ಹೆಚ್ಚಾಗಿದ್ದಾರೆ, ಒಳಗೊಳಗೇ ಗೊಣಗಾಟ ನಡೆದಿದೆ, ಇಬ್ಬರು ರಾಜೀನಾಮೆ ಕೊಟ್ಟಿದ್ದಾರೆ. "ನಮ್ಮನ್ನು ಯಾರು ಕೇಳಿದ್ರು?" ಅಂತ ಮಾತಾಡಿಕೊಳ್ಳುತ್ತಾರಂತೆ. ಕೇಳಿದ್ದೆನಲ್ಲ! ನಮ್ಮ ಡೈರೆಕ್ಟರ್ "ಕೇಳಿದ್ದೇ ತಪ್ಪು, ಸುಮ್ನೆ ಆರ್ಡರ್ ಹೊರಡಿಸಬೇಕಿತ್ತು" ಅಂತಾರೆ. ಪಕ್ಕದ ವಿಭಾಗದ ಮ್ಯಾನೇಜರ್ "ಇನ್ನು ಎಲ್ಲಕ್ಕೂ ವೋಟು ಹಾಕಿಸು" ಅಂತಾರೆ. ಹಳೆಯ ಶಿಫ್ಟ್‌ಗೇ ವಾಪಸ್ ಹೋಗಿಬಿಡಲೇ? ಏನು ಮಾಡಲಿ?

ಉತ್ತರ: ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ತಿರುಗುಬಾಣವಾದರೆ ಯಾರಿಗಾದರೂ ಬೇಸರವಾಗುತ್ತದೆ. ಕೇಳಿಯೂ ಕೇಳದವರ ಸಾಲಿಗೆ ಸೇರಿಬಿಟ್ಟೆನಲ್ಲ ಎಂಬುದು ನಿಮ್ಮ ಸಂಕಟ. ಆದರೆ ನಿಮ್ಮ ತಂಡದವರೂ ಸುಳ್ಳು ಹೇಳುತ್ತಿಲ್ಲ. ನೀವು ಕೇಳಿದ್ದು ನಿಜ. ತಮ್ಮನ್ನು ಯಾರೂ ಕೇಳಲಿಲ್ಲ ಎಂದು ಅವರಿಗೆ ಅನಿಸಿದ್ದೂ ನಿಜ. ಉದ್ಯೋಗಿಗಳ ಮತ್ತು ಆಡಳಿತದ ನಡುವೆ ನಿಂತು ಇಂಥ ವ್ಯಾಜ್ಯಗಳನ್ನು ಬಿಡಿಸುವುದು ನನ್ನ ಕೆಲಸ. ಈ ಎರಡು ನಿಜಗಳು ಒಟ್ಟಿಗೇ ಇರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮೊದಲು ಆ ಮೀಟಿಂಗನ್ನೇ ನೋಡೋಣ. ಇಂಥ ಮೀಟಿಂಗ್‌ಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಪರದೆಯ ಮೇಲೆ ಪಟ್ಟಿ ಬರುತ್ತದೆ. ಪ್ರತಿಯೊಬ್ಬರ ಹೆಸರು, ವಾರ, ಸಮಯ ಎಲ್ಲ ಆಗಲೇ ತುಂಬಿರುತ್ತದೆ, ಒಂದು ಖಾಲಿ ಮನೆಯೂ ಇರುವುದಿಲ್ಲ. ರಜೆ ಮಂಜೂರು ಮಾಡುವ, ಸಂಬಳ ಏರಿಸಲು ಶಿಫಾರಸು ಮಾಡುವ ವ್ಯಕ್ತಿ ಎದುರಿಗೆ ನಿಂತು "ಅಭ್ಯಂತರ ಇದೆಯಾ?" ಅನ್ನುತ್ತಾರೆ. ಮೊದಲು ಬಾಯಿ ಬಿಟ್ಟವರ ಕಡೆ ಎಲ್ಲರ ಕಣ್ಣು ತಿರುಗುತ್ತದೆ. ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ. ಅರ್ಧ ನಿಮಿಷ ಕಾದು, "ಸರಿ ಹಾಗಾದರೆ" ಎಂದು ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಆ ಅರ್ಧ ನಿಮಿಷದ ಮೌನದಲ್ಲಿ ಬೇರೆ ಬೇರೆ ಜನ ಬೇರೆ ಬೇರೆ ಕಾರಣಕ್ಕೆ ಸುಮ್ಮನಿರುತ್ತಾರೆ. ಒಬ್ಬರಿಗೆ ಭಯ. ಇನ್ನೊಬ್ಬರಿಗೆ, ಹೇಗೂ ತೀರ್ಮಾನ ಆಗಿದೆ, ಹೇಳಿ ಏನು ಪ್ರಯೋಜನ ಎಂಬ ಭಾವನೆ. ಮತ್ತೊಬ್ಬರು ಉಳಿದವರೆಲ್ಲ ಒಪ್ಪಿದ್ದಾರೆ, ತಮಗೊಬ್ಬರಿಗೇ ತಕರಾರು ಎಂದುಕೊಳ್ಳುತ್ತಾರೆ. ತಮಾಷೆಯೆಂದರೆ ಪಕ್ಕದಲ್ಲಿ ಕೂತವರೂ ಹಾಗೇ ಅಂದುಕೊಂಡಿರುತ್ತಾರೆ. ಇನ್ನು ಕೆಲವರಿಗೆ ನಿಜವಾಗಿಯೂ ಆಗ ಗೊತ್ತಾಗಿರುವುದಿಲ್ಲ. ಮನೆಗೆ ಹೋಗಿ, ಮಗುವನ್ನು ಸಂಜೆ ಕರೆತರುವವರು ಯಾರು, ರಾತ್ರಿ ಅಮ್ಮನಿಗೆ ಮಾತ್ರೆ ಕೊಡುವವರು ಯಾರು ಅಂತ ಯೋಚಿಸಿದಾಗ ಹೊಸ ಪಟ್ಟಿಯ ನಿಜವಾದ ಭಾರ ತಿಳಿಯುತ್ತದೆ. "ಮೌನವೇ ಸಮ್ಮತಿ" ಎಂಬ ಮಾತನ್ನು ದಯವಿಟ್ಟು ಆಫೀಸಿನ ಹೊರಗೇ ಬಿಡಿ. ಒಬ್ಬರ ಸಂಬಳ ಇನ್ನೊಬ್ಬರ ಕೈಯಲ್ಲಿರುವ ಜಾಗದಲ್ಲಿ ಅದು ನಡೆಯುವುದಿಲ್ಲ.

ಸಹಿಯ ಕಥೆಯೂ ಇದೇ. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮದಲ್ಲಿ, ಒಪ್ಪಿಗೆ ಎಂದರೆ ಒತ್ತಡವಿಲ್ಲದೆ ಕೊಟ್ಟದ್ದಾಗಿರಬೇಕು. ಉದ್ಯೋಗಿಯಿಂದ ಮಾಲೀಕರು ಪಡೆದ ಒಪ್ಪಿಗೆ ಬಹುತೇಕ ಸಂದರ್ಭಗಳಲ್ಲಿ ಹಾಗಿರುವುದು ಕಷ್ಟ ಎಂದು ಅಲ್ಲಿನ ಮಾಹಿತಿ ರಕ್ಷಣಾ ಮಂಡಳಿ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಬೇಡ ಅಂದರೆ ಏನಾದೀತೋ ಎಂಬ ಅಂಜಿಕೆ ಇರುವಲ್ಲಿ ಹೂಂ ಅಂದದ್ದಕ್ಕೆ ತೂಕ ಕಡಿಮೆ. ಆ ನಿಯಮ ಇರುವುದು ಮಾಹಿತಿಯ ವಿಷಯಕ್ಕೆ, ಶಿಫ್ಟ್‌ಗಲ್ಲ. ಆದರೆ ಹಿಂದಿನ ತರ್ಕ ನಿಮ್ಮ ಒಪ್ಪಿಗೆ ಪತ್ರಕ್ಕೂ ಹೊಂದುತ್ತದೆ. ಆ ಕಾಗದ ನಿಮ್ಮ ಫೈಲಿಗೆ ನೆಮ್ಮದಿ ಕೊಟ್ಟಿತು. ಸಹಿ ಹಾಕಿದವರಿಗೆ ಏನೂ ಕೊಡಲಿಲ್ಲ.

ಡೈರೆಕ್ಟರ್ ಹೇಳಿದ್ದು ಸರಿಯೇ?

ಅವರ ಮಾತಿನಲ್ಲಿ ಒಂದು ಪಾಲು ಸತ್ಯವಿದೆ. ಮೊದಲೇ ತೀರ್ಮಾನವಾಗಿದ್ದನ್ನು ತೀರ್ಮಾನವಾಗಿಲ್ಲ ಎಂಬಂತೆ ಕೇಳುವುದಕ್ಕಿಂತ ನೇರವಾಗಿ ಆರ್ಡರ್ ಹೊರಡಿಸುವುದು ಎಷ್ಟೋ ವಾಸಿ. ಆರ್ಡರ್ ಬಂದರೆ ಜನ ಬೈದುಕೊಳ್ಳುತ್ತಾರೆ, ಆದರೆ ಮೋಸ ಹೋದೆವು ಅಂದುಕೊಳ್ಳುವುದಿಲ್ಲ. ಆದರೆ "ಕೇಳಿದ್ದೇ ತಪ್ಪು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಒಂದು ಹಳೆಯ, ಒಳ್ಳೆಯ ಪುರಾವೆ ಇದೆ.

ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಎಂಬ ಊರಿನಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆ ಇತ್ತು. ಅಲ್ಲಿ ಕೆಲಸದ ರೀತಿ ಬದಲಾದಾಗಲೆಲ್ಲ ಜನ ಸಿಡುಕುತ್ತಿದ್ದರು, ಉತ್ಪಾದನೆ ಬೀಳುತ್ತಿತ್ತು, ಕೆಲವರು ಕೆಲಸ ಬಿಡುತ್ತಿದ್ದರು. ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ ಎಂಬಿಬ್ಬರು ಇದನ್ನು ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದರು. ಬದಲಾವಣೆ ಎಷ್ಟು ಸಣ್ಣದಿತ್ತು ನೋಡಿ. ಇಸ್ತ್ರಿ ಮಾಡುವ ಒಂದು ಗುಂಪು ಅದುವರೆಗೆ ಪೈಜಾಮಗಳನ್ನು ಅರ್ಧ ಡಜನ್‌ನಂತೆ ರಟ್ಟಿನ ಮೇಲೆ ಪೇರಿಸಿಡುತ್ತಿತ್ತು. ಇನ್ನು ಮೇಲೆ ಅದೇ ಅರ್ಧ ಡಜನ್ನನ್ನು ಡಬ್ಬಿಯಲ್ಲಿ ಇಡಬೇಕು. ಅಷ್ಟೇ. ಈ ಗುಂಪಿಗೆ ಮ್ಯಾನೇಜ್‌ಮೆಂಟ್ ಕಾರಣ ವಿವರಿಸಿತು, ಕೂಲಿಯ ಹೊಸ ದರ ಹೇಳಿತು, ಪ್ರಶ್ನೆಗಳಿಗೆ ಉತ್ತರಿಸಿತು. ಹೆಚ್ಚುಕಮ್ಮಿ ನಿಮ್ಮ ಮೀಟಿಂಗ್ ಥರವೇ. ಆಮೇಲೆ ಅವರ ಕೆಲಸದ ವೇಗ ಕುಸಿದು ಅಲ್ಲೇ ನಿಂತಿತು. ಮೊದಲ 40 ದಿನಗಳಲ್ಲಿ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು.

ಬೇರೆ ಗುಂಪುಗಳಿಗೆ ಇನ್ನೊಂದು ರೀತಿ. ಖರ್ಚು ಇಳಿಸಬೇಕಾಗಿದೆ ಎಂಬ ಸಮಸ್ಯೆಯನ್ನು ಅವರ ಮುಂದಿಟ್ಟರು. ಕೆಲಸ ಹೇಗೆ ಬದಲಿಸಬೇಕು ಎಂಬುದನ್ನು ಅವರೂ ಕೂತು ರೂಪಿಸಿದರು. ಒಂದು ಕಡೆ ಪ್ರತಿನಿಧಿಗಳ ಮೂಲಕ, ಇನ್ನೆರಡು ಸಣ್ಣ ಗುಂಪುಗಳಲ್ಲಿ ಎಲ್ಲರೂ ಸೇರಿ. ಎಲ್ಲರೂ ಸೇರಿದ ಗುಂಪುಗಳು ಬೇಗನೆ ಚೇತರಿಸಿಕೊಂಡವು, ಕೊನೆಗೆ ಹಳೆಯ ವೇಗಕ್ಕಿಂತ ಸುಮಾರು ಶೇ. 14ರಷ್ಟು ಮುಂದೆ ಹೋದವು. ಅಲ್ಲಿ ಯಾರೂ ಕೆಲಸ ಬಿಡಲಿಲ್ಲ. ಪ್ರತಿನಿಧಿಗಳ ಗುಂಪೂ ಸುಮಾರು ಎರಡು ವಾರದಲ್ಲಿ ಸರಿಹೋಯಿತು.

ನಿಮಗೆ ಬೇಕಾದ ಭಾಗ ಇದಾದ ಮೇಲೆ ಬರುತ್ತದೆ. ಆ ಕುಸಿದ ಗುಂಪಿನಲ್ಲಿ ಉಳಿದವರನ್ನು ಸುಮಾರು ಎರಡೂವರೆ ತಿಂಗಳ ನಂತರ ಮತ್ತೆ ಒಟ್ಟುಗೂಡಿಸಿ ಬೇರೊಂದು ಕೆಲಸಕ್ಕೆ ಹಾಕಿದರು. ಈ ಸಲ ಅವರನ್ನೂ ಸೇರಿಸಿಕೊಂಡೇ ಬದಲಾವಣೆ ರೂಪಿಸಿದರು. ಅದೇ ಜನ, ಈಗ ಚಕಚಕನೆ ಕಲಿತರು. ತಕರಾರು ಇರಲಿಲ್ಲ. ಅಂದರೆ ಮೊದಲ ಸಲದ ತೊಂದರೆ ಅವರ ಸ್ವಭಾವದಲ್ಲಿ ಇರಲಿಲ್ಲ. ಎರಡು ತಿಂಗಳು ಕಳೆದುಹೋಯಿತು, ಇನ್ನು ಸರಿಮಾಡಲು ಆಗುವುದಿಲ್ಲ ಎಂದು ನೀವು ಕೈಚೆಲ್ಲಬೇಕಾಗಿಲ್ಲ.

ಆದರೆ ಸೇರಿಸಿಕೊಂಡರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಇದೇ ಫ್ರೆಂಚ್ ತಮ್ಮ ಸಂಗಡಿಗರೊಂದಿಗೆ ನಾರ್ವೆಯ ಚಪ್ಪಲಿ-ಬೂಟು ಕಾರ್ಖಾನೆಯೊಂದರಲ್ಲಿ ಇಂಥದ್ದೇ ಪ್ರಯೋಗ ಮಾಡಿ 1960ರಲ್ಲಿ ಪ್ರಕಟಿಸಿದರು. ಅಲ್ಲಿ ಉತ್ಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕೆಲಸಗಾರರ ಮುಂದಿಟ್ಟ ವಿಷಯಗಳಿಗೂ ಉತ್ಪಾದನೆಗೂ ಅಷ್ಟು ನೇರ ಸಂಬಂಧ ಇರಲಿಲ್ಲ. ಕುರ್ಚಿಯ ಬಣ್ಣ ಯಾವುದಿರಲಿ ಎಂದು ಕೇಳಿ, ರಾತ್ರಿ ಪಾಳಿಯನ್ನು ಮಾತ್ರ ಮೇಲಿನಿಂದ ಇಳಿಸಿದರೆ ಯಾರಿಗೂ ಪಾಲುಗೊಂಡ ಹಾಗೆ ಅನಿಸುವುದಿಲ್ಲ.

ವೋಟಿನ ವಿಷಯ

ಪಕ್ಕದ ವಿಭಾಗದವರ ಸಲಹೆ ಕೇಳಲು ಚೆನ್ನಾಗಿದೆ. ಆದರೆ ಶಿಫ್ಟ್ ಹಂಚುವಂಥ ಕೆಲಸಕ್ಕೆ ವೋಟು ಅಪಾಯದ್ದು. ಒಂದು ಲೆಕ್ಕ ಹಾಕಿ. 26 ಜನರಲ್ಲಿ 18 ಮಂದಿ ಸೇರಿ, ರಾತ್ರಿ ಪಾಳಿಯನ್ನು ಉಳಿದ 8 ಮಂದಿಯೇ ಮಾಡಲಿ ಎಂದು ಗೆಲ್ಲಿಸಬಹುದು. ಲೆಕ್ಕದಲ್ಲಿ ಅದು ಸರಿ. ಆ ಎಂಟು ಮಂದಿಯ ಜೊತೆ ನೀವು ಮಾರನೆಯ ದಿನ ಕೆಲಸ ಮಾಡಬೇಕಲ್ವಾ?

ಹಾಗಂತ ಎಲ್ಲರಿಗೂ ಇಷ್ಟವಾಗುವ ತನಕ ಕಾಯುತ್ತಾ ಕೂತರೆ ಯಾವ ಕೆಲಸವೂ ಮುಗಿಯುವುದಿಲ್ಲ. ಇವೆರಡರ ನಡುವೆ ಒಂದು ದಾರಿ ಇದೆ. ನೆದರ್ಲೆಂಡ್ಸ್‌ನ ಗೆರಾರ್ಡ್ ಎಂಡೆನ್‌ಬರ್ಗ್ ಎಂಬ ಎಂಜಿನಿಯರ್ 1970ರ ದಶಕದಲ್ಲಿ ತಮ್ಮ ಕುಟುಂಬದ ವಿದ್ಯುತ್ ಎಂಜಿನಿಯರಿಂಗ್ ಕಂಪನಿಯಲ್ಲಿ ಅದನ್ನು ನಡೆಸಿ ತೋರಿಸಿದರು. ಅಲ್ಲಿ "ನಿಮಗೆ ಇದು ಇಷ್ಟವೇ?" ಎಂದು ಕೇಳುವುದಿಲ್ಲ. "ಇದರಿಂದ ನಿಮ್ಮ ಕೆಲಸಕ್ಕಾಗಲಿ ನಮ್ಮೆಲ್ಲರ ಕೆಲಸಕ್ಕಾಗಲಿ ಪೆಟ್ಟು ಬೀಳುತ್ತದೆ ಅನ್ನುವ ಗಟ್ಟಿ ಕಾರಣ ಇದೆಯೇ?" ಎಂದು ಕೇಳುತ್ತಾರೆ. ಅಂಥ ಕಾರಣ ಯಾರೇ ಕೊಟ್ಟರೂ ಯೋಜನೆ ಅಲ್ಲಿಗೇ ನಿಲ್ಲುತ್ತದೆ, ತಿದ್ದುಪಡಿ ಆಗುತ್ತದೆ. ಕಾರಣ ಇಲ್ಲದಿದ್ದರೆ, ಅಷ್ಟೇನೂ ಇಷ್ಟವಿಲ್ಲದವರೂ ಸರಿ, ನೋಡೋಣ ಎಂದು ಬಿಟ್ಟುಕೊಡುತ್ತಾರೆ. ತೀರ್ಮಾನಕ್ಕೆ ಒಂದು ಅವಧಿ ಇರುತ್ತದೆ, ಆಮೇಲೆ ಮತ್ತೆ ನೋಡಲಾಗುತ್ತದೆ.

ಅದೇ ಕಂಪನಿಯಲ್ಲಿ ನಡೆದ ಒಂದು ಸಂಗತಿ. ಹತ್ತಿರದ ಹಡಗು ಕಟ್ಟುವ ಕಾರ್ಖಾನೆ ಮುಚ್ಚಿಹೋಗಿ ಒಂದು ವಿಭಾಗಕ್ಕೆ ಕೆಲಸವೇ ಇಲ್ಲದಂತಾಯಿತು. ಜನರನ್ನು ತೆಗೆಯಬೇಕೆಂದು ಆಡಳಿತ ಯೋಚಿಸಿತ್ತು. ಆಗ ಕೆಲಸಗಾರರೊಬ್ಬರು, ತೆಗೆಯುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ, ನಮ್ಮನ್ನೇ ಹೊಸ ಕೆಲಸ ಹುಡುಕಿ ತರಲು ಕಳಿಸಿ ಎಂಬ ಸಲಹೆ ಇಟ್ಟರು. ಅದು ಒಂದೊಂದೇ ಹಂತ ದಾಟಿ ಮೇಲಿನವರೆಗೆ ಹೋಯಿತು, ಒಪ್ಪಿಗೆಯಾಯಿತು, ಕೆಲಸವೂ ಸಿಕ್ಕಿತು. ಕೇಳುವುದರಿಂದ ಸಿಗುವ ನಿಜವಾದ ಲಾಭ ಇಂಥದ್ದು. ಮೇಲೆ ಕೂತವರಿಗೆ ಕಾಣದ್ದು ಕೆಳಗಿನವರಿಗೆ ಕಾಣುತ್ತದೆ.

ನಿಮ್ಮ ವಿಷಯದಲ್ಲೂ ಅಂಥದ್ದೊಂದು ಇದೆ ಎಂದು ನನ್ನ ಅನುಮಾನ. ನೀವು ವಾರಕ್ಕೊಮ್ಮೆ ಬದಲಾಗುವ ಶಿಫ್ಟ್ ತಂದಿದ್ದೀರಿ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಮಾರ್ಗದರ್ಶಿ ಸಾಧ್ಯವಾದರೆ ಬಿಡಿ ಎಂದು ಹೇಳುವುದು ಇದನ್ನೇ. ರಾತ್ರಿ ಪಾಳಿಗೆ ದೇಹ ಹೊಂದಿಕೊಳ್ಳಲು ಶುರುಮಾಡುವ ಹೊತ್ತಿಗೆ ಪಾಳಿ ಬದಲಾಗಿಬಿಡುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಬದಲಿಸಿ, ಇಲ್ಲವೇ ಕನಿಷ್ಠ ಮೂರು ವಾರ ಒಂದೇ ಪಾಳಿ ಇಡಿ ಎನ್ನುತ್ತದೆ ಅದು. ಬದಲಿಸುವಾಗಲೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಮುಂದೆ ಹೋಗಬೇಕು, ಹಿಂದಕ್ಕಲ್ಲ. ನಿಮ್ಮ ತಂಡದವರು ಈ ಮಾರ್ಗದರ್ಶಿ ಓದಿರಲಿಕ್ಕಿಲ್ಲ. ಆದರೆ ಎರಡನೇ ವಾರಕ್ಕೇ ಅವರ ಮೈ ಅದನ್ನು ಹೇಳಿರುತ್ತದೆ. ಜಾಸ್ತಿಯಾದ ರಜೆಗಳನ್ನು ಹಠ ಎಂದು ಓದುವ ಮುಂಚೆ, ಯಾವ ಪಾಳಿಯ ಮರುದಿನ ಹೆಚ್ಚು ರಜೆ ಬೀಳುತ್ತಿದೆ ಎಂದು ಹಾಜರಿ ತೆಗೆದು ನೋಡಿ.

ಕಾನೂನು ಏನೆನ್ನುತ್ತದೆ ಎಂಬುದನ್ನೂ ಒಮ್ಮೆ ಪರಿಶೀಲಿಸಿಕೊಳ್ಳಿ. ಅದು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಐದು ಮಂದಿ ಖಾಯಂ ಉದ್ಯೋಗಿಗಳಿದ್ದರೂ ಅವರು ತಮ್ಮ ಪ್ರತಿನಿಧಿ ಮಂಡಳಿಯನ್ನು ಆರಿಸಿಕೊಳ್ಳಬಹುದು. 1972ರ ಕಾಯ್ದೆಯ ಪ್ರಕಾರ ದಿನದ ಕೆಲಸ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಕ್ತಾಯ ಎಂಬುದನ್ನು ಆ ಮಂಡಳಿ ಒಪ್ಪದೆ ಬದಲಿಸುವಂತಿಲ್ಲ. ಒಮ್ಮತ ಬರದಿದ್ದರೆ ಸಂಧಾನ ಮಂಡಳಿ ತೀರ್ಮಾನ ಕೊಡುತ್ತದೆ. ಭಾರತದಲ್ಲಿ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದಲೂ, ಕಾರ್ಮಿಕರೆಂದು ಆ ಕಾನೂನು ಗುರುತಿಸುವವರ ಕೆಲಸದ ಹೊತ್ತು, ಪಾಳಿಯಂಥ ಷರತ್ತುಗಳನ್ನು ಬದಲಿಸುವ ಮೊದಲು 21 ದಿನದ ನೋಟಿಸ್ ಕೊಡಬೇಕೆಂಬ ನಿಯಮವಿದೆ. ನಿಮ್ಮ ತಂಡಕ್ಕೆ ಯಾವುದು ಅನ್ವಯಿಸುತ್ತದೆ ಎಂದು ಕಂಪನಿಯ ವಕೀಲರನ್ನು ಈ ವಾರವೇ ಕೇಳಿ. ಒಪ್ಪಿಗೆ ಪತ್ರ ಇದೆಯಲ್ಲ ಎಂದು ಧೈರ್ಯವಾಗಿರಬೇಡಿ.

ಈಗ ಏನು ಮಾಡಬಹುದು

ಒಂದು, ಇದ್ದದ್ದನ್ನೇ ಬಿಗಿಯಾಗಿ ಮುಂದುವರಿಸುವುದು. ಕೆಲವು ದಿನ ಗೊಣಗಾಟ ತಣ್ಣಗಾದಂತೆ ಕಾಣಬಹುದು. ಅಪಾಯ ಏನೆಂದರೆ, ಇನ್ನೊಂದು ಕಡೆ ಕೆಲಸ ಸಿಗುವಂಥವರು ಮೊದಲು ಹೊರಡುತ್ತಾರೆ. ಅವರೇ ನಿಮಗೆ ಬೇಕಾದವರು.

ಹಳೆಯ ಶಿಫ್ಟ್‌ಗೆ ವಾಪಸ್ ಹೋಗುವುದು ಇನ್ನೊಂದು. ಇದೂ ಅಷ್ಟು ಸುಲಭ ಅಲ್ಲ. ರಾತ್ರಿಯ ಕರೆಗಳು ಹಾಗೇ ಇರುತ್ತವೆ. ಹೊಸ ಶಿಫ್ಟ್‌ಗೆ ತಕ್ಕಂತೆ ಮನೆಯ ಏರ್ಪಾಡು ಬದಲಿಸಿಕೊಂಡವರಿದ್ದಾರೆ, ಅದು ಇಷ್ಟವಾದವರೂ ಇರಬಹುದು. ಈ ಸಲವೂ ಕೇಳದೆ ಬದಲಿಸಿದರೆ ಅವರ ಬಾಯಲ್ಲಿ ಅದೇ ಮಾತು ಬರುತ್ತದೆ.

ಪ್ರತಿನಿಧಿಗಳನ್ನು ಆರಿಸಿ ಅವರ ಜೊತೆ ಕೂರುವುದು ದೊಡ್ಡ ತಂಡಗಳಿಗೆ ಅನಿವಾರ್ಯ. 26 ಜನಕ್ಕೂ ನಡೆಯುತ್ತದೆ. ಆದರೆ ಆರಿಸುವವರು ನೀವಾಗಬಾರದು. ಮ್ಯಾನೇಜರ್ ಹೆಸರಿಸಿದ ಪ್ರತಿನಿಧಿಯನ್ನು ಜನ ಮ್ಯಾನೇಜರ್ ಕಡೆಯವರೆಂದೇ ನೋಡುತ್ತಾರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಆರಿಸುವುದು ಇದನ್ನು: ಈಗಿನ ಪಟ್ಟಿಯನ್ನು ಒಂದು ನಿಗದಿತ ದಿನದವರೆಗೆ ಮಾತ್ರ ಎಂದು ಹೇಳಿ, ವಿಷಯವನ್ನು ನಿಜವಾಗಿ ಮತ್ತೆ ತೆರೆಯುವುದು. ತೆರೆಯುವ ಮೊದಲು ಒಂದು ಕಾಗದ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಬದಲಾಗದ ಸಂಗತಿಗಳು: ರಾತ್ರಿ ಇಂತಿಷ್ಟು ಜನ ಇರಲೇಬೇಕು, ಬಜೆಟ್ ಇಷ್ಟೇ. ಬಲಗಡೆ ತಂಡ ತೀರ್ಮಾನಿಸಬಹುದಾದದ್ದು: ಯಾರು ಯಾವಾಗ, ಎಷ್ಟು ದಿನಕ್ಕೊಮ್ಮೆ ಬದಲಾವಣೆ, ಪರಸ್ಪರ ಪಾಳಿ ಅದಲು ಬದಲು ಮಾಡಿಕೊಳ್ಳುವುದು ಹೇಗೆ, ರಾತ್ರಿ ಪಾಳಿಯ ನಂತರ ಎಷ್ಟು ಬಿಡುವು, ಯಾರಿಗೆ ವಿನಾಯಿತಿ. ಬಲಗಡೆ ಬರೆದದ್ದಕ್ಕೆ ಡೈರೆಕ್ಟರ್ ಒಪ್ಪಿಗೆ ಮೊದಲೇ ಪಡೆಯಿರಿ. ಇದು ತುಂಬಾ ಮುಖ್ಯ. ತಂಡ ಕೂತು ತೀರ್ಮಾನಿಸಿದ್ದನ್ನು ಆಮೇಲೆ ಮೇಲಿನವರು ಅಳಿಸಿದರೆ ಇನ್ನು ಎಷ್ಟೋ ವರ್ಷ ಅವರು ಯಾವ ಮೀಟಿಂಗಿನಲ್ಲೂ ಬಾಯಿ ಬಿಡುವುದಿಲ್ಲ.

ಬಲಗಡೆ ಏನೂ ಉಳಿಯಲಿಲ್ಲ ಅನ್ನಿ. ಆಗ ಕೇಳಲೇಬೇಡಿ. "ಇದು ನಮ್ಮ ತೀರ್ಮಾನ, ಕಾರಣ ಇದು, ನಿಮಗಾಗುವ ತೊಂದರೆಗೆ ಇಷ್ಟು ಪರಿಹಾರ ಕೊಡಬಲ್ಲೆವು" ಎಂದು ನೇರವಾಗಿ ಹೇಳಿ. ವಿಕ್ಟರ್ ವ್ರೂಮ್ ಮತ್ತು ಫಿಲಿಪ್ ಯೆಟನ್ ಎಂಬ ಸಂಶೋಧಕರು 1973ರಲ್ಲಿ ಒಂದು ಮಾದರಿ ಕೊಟ್ಟರು. ಯಾವಾಗ ಒಬ್ಬರೇ ತೀರ್ಮಾನಿಸಬೇಕು, ಯಾವಾಗ ಗುಂಪಿಗೆ ಬಿಡಬೇಕು ಎಂದು ಅದು ವಿಂಗಡಿಸುತ್ತದೆ. ಅಲ್ಲಿ ದೊಡ್ಡ ಪ್ರಶ್ನೆಗಳು ಕೆಲವೇ: ಬೇಕಾದ ಮಾಹಿತಿ ನಿಮ್ಮೊಬ್ಬರ ಹತ್ತಿರ ಇದೆಯೇ? ಜನ ಮನಸ್ಸಿಟ್ಟು ಮಾಡದಿದ್ದರೆ ಕೆಲಸ ಕೆಡುತ್ತದೆಯೇ? ನೀವೇ ತೀರ್ಮಾನಿಸಿದರೆ ಅವರು ಒಪ್ಪಿ ನಡೆಯುತ್ತಾರೆಯೇ? ಬೆಂಕಿ ಬಿದ್ದಾಗ ಯಾವ ಬಾಗಿಲಿಂದ ಓಡಬೇಕೆಂದು ಚರ್ಚೆ ಮಾಡುವುದಿಲ್ಲ. ಶಿಫ್ಟ್ ಪಟ್ಟಿ ಬೇರೆ. ಅದಕ್ಕೆ ಬೇಕಾದ ಮಾಹಿತಿ ಅರ್ಧಕ್ಕರ್ಧ ಜನರ ಮನೆಗಳಲ್ಲಿದೆ.

ಕೇಳುವ ರೀತಿಯನ್ನೂ ಬದಲಿಸಬೇಕು. ದೊಡ್ಡ ಮೀಟಿಂಗಿಗೆ ಮುಂಚೆ ಪ್ರತಿಯೊಬ್ಬರ ಜೊತೆ ಹದಿನೈದು ನಿಮಿಷ ಒಂಟಿಯಾಗಿ ಕೂರಿ. 26 ಜನ ಎಂದರೆ ಆರೂವರೆ ಗಂಟೆ. ಜಾಸ್ತಿ ಅನಿಸಬಹುದು, ಆದರೆ ಇಬ್ಬರು ಹೊಸಬರನ್ನು ಹುಡುಕಿ ತರಬೇತಿ ಕೊಡಲು ಎಷ್ಟು ಹಿಡಿಯುತ್ತದೆ ಎಂದು ನಿಮಗೇ ಗೊತ್ತು. "ಅಭ್ಯಂತರ ಇದೆಯಾ?" ಎಂದು ಕೇಳಬೇಡಿ, ಅದಕ್ಕೆ "ಇಲ್ಲ" ಎನ್ನುವುದೇ ಸುಲಭದ ಉತ್ತರ. "ಈ ಪಟ್ಟಿಯಲ್ಲಿ ನಿಮಗೆ ಯಾವ ದಿನ ಎಲ್ಲಕ್ಕಿಂತ ಕಷ್ಟ?" ಎಂದು ಕೇಳಿ. ಅದಕ್ಕೆ ಉತ್ತರ ಕೊಡಲು ಯಾರೂ ವಿರೋಧಿಗಳಾಗಬೇಕಿಲ್ಲ. ಹೇಳಿದ್ದನ್ನು ಅವರ ಎದುರೇ ಬರೆದುಕೊಳ್ಳಿ, ಬರೆದದ್ದನ್ನು ತೋರಿಸಿ. ಅಲ್ಲೇ ಸಮರ್ಥನೆಗೆ ಇಳಿಯಬೇಡಿ.

ಆಮೇಲೆ ಎಲ್ಲರೂ ಸೇರಿದಾಗ, ಯಾರು ಹೇಳಿದರು ಎಂಬುದನ್ನು ಬಿಟ್ಟು ಏನೇನು ಬಂತು ಎಂಬುದನ್ನು ಗೋಡೆಯ ಮೇಲೆ ಹಾಕಿ. ಈ ಸಲ ಪಟ್ಟಿ ಖಾಲಿ ಇರಲಿ. ಎಡಗಡೆಯ ಷರತ್ತುಗಳನ್ನು ಹೇಳಿ, ಪಟ್ಟಿ ತುಂಬುವ ಕೆಲಸ ಅವರಿಗೆ ಬಿಡಿ. ಹೊಸಬರು ಮೊದಲು ಮಾತಾಡಲಿ, ನೀವು ಕೊನೆಗೆ. ತೀರ್ಮಾನವನ್ನು ಆರು ವಾರಕ್ಕೆ ಎಂದು ಇಟ್ಟುಕೊಳ್ಳಿ, ಆಮೇಲೆ ಮತ್ತೆ ನೋಡುವ ದಿನಾಂಕವನ್ನು ಅವತ್ತೇ ಬರೆಯಿರಿ. ಅವರು ಹೇಳಿದ್ದರಲ್ಲಿ ಯಾವುದನ್ನು ಒಪ್ಪಲಾಗಲಿಲ್ಲವೋ ಅದಕ್ಕೂ ಒಂದು ಸಾಲಿನ ಕಾರಣ ಕೊಡಿ. ಜನ ಕೇಳಿದ್ದೆಲ್ಲ ಸಿಗಬೇಕು ಎಂದು ಹಠ ಹಿಡಿಯುವುದು ಕಡಿಮೆ. ತಾವು ಹೇಳಿದ್ದು ಎಲ್ಲಿಗೆ ಹೋಯಿತು ಎಂದು ಗೊತ್ತಾಗದಿದ್ದರೆ ಮಾತ್ರ ಅವರಿಗೆ ಸಹಿಸಲು ಆಗುವುದಿಲ್ಲ.

ಇದರಲ್ಲೂ ಅಪಾಯವಿದೆ, ಮುಚ್ಚಿಡುವುದಿಲ್ಲ. ಮೊದಲ ವಾರ ಎರಡು ತಿಂಗಳ ಸಿಟ್ಟೆಲ್ಲ ಒಟ್ಟಿಗೇ ಹೊರಬರುತ್ತದೆ. ಶಿಫ್ಟ್ ಬಗ್ಗೆ ಕೇಳಿದರೆ ಸಂಬಳದ ಬಗ್ಗೆ ಹೇಳುತ್ತಾರೆ, ಲಿಫ್ಟ್ ಕೆಟ್ಟಿರುವುದರ ಬಗ್ಗೆಯೂ ಹೇಳುತ್ತಾರೆ. ಮಾತು ಚೆನ್ನಾಗಿ ಬರುವ ಇಬ್ಬರು-ಮೂವರು ಚರ್ಚೆಯನ್ನು ತಮ್ಮ ಕಡೆ ಎಳೆದುಕೊಳ್ಳಬಹುದು. ಒಂಟಿಯಾಗಿ ಕೇಳಿ ಬರೆದುಕೊಂಡ ಹಾಳೆಗಳು ಆಗ ನಿಮ್ಮ ಕೈ ಹಿಡಿಯುತ್ತವೆ, ಯಾಕೆಂದರೆ ಮಾತಾಡದವರ ಕಷ್ಟವೂ ಅವುಗಳಲ್ಲಿ ಇರುತ್ತದೆ.

ರಾಜೀನಾಮೆ ಕೊಟ್ಟ ಇಬ್ಬರು ಇನ್ನೂ ನೋಟಿಸ್ ಅವಧಿಯಲ್ಲಿದ್ದರೆ ಅವರನ್ನೇ ಮೊದಲು ಮಾತಾಡಿಸಿ. ಉಳಿಸಿಕೊಳ್ಳುವ ಒತ್ತಾಯ ಬೇಡ. ಕಳೆದುಕೊಳ್ಳಲು ಏನೂ ಇಲ್ಲದವರು ಉಳಿದ 24 ಜನ ಹೇಳಲಾರದ್ದನ್ನು ಹೇಳಬಲ್ಲರು.

ಡೈರೆಕ್ಟರ್ ಒಪ್ಪದಿದ್ದರೆ? ಅವರ ಮುಂದೆ ಒಳ್ಳೆಯತನದ ವಾದ ಇಡಬೇಡಿ, ಹಾಜರಿ ಪುಸ್ತಕ ಇಡಿ. ಎರಡು ತಿಂಗಳ ಹಿಂದಿನ ಮತ್ತು ಈಗಿನ ರಜೆ, ತಪ್ಪಿಹೋದ ಕರೆಗಳು, ಇಬ್ಬರ ಜಾಗ ತುಂಬುವ ಖರ್ಚು. ಆರು ವಾರದ ಪ್ರಯೋಗಕ್ಕೆ ಮಾತ್ರ ಅನುಮತಿ ಕೇಳಿ. ಅದಕ್ಕೂ ಇಲ್ಲ ಎಂದರೆ, ನಿಮ್ಮ ಕೈಯಲ್ಲೇ ಇರುವ ಸಣ್ಣ ವಿಷಯಗಳಿಂದ ಶುರುಮಾಡಿ. ಪಾಳಿ ಅದಲು ಬದಲಿಗೆ ನಿಮ್ಮ ಸಹಿ ಬೇಡ, ಇಬ್ಬರೂ ಒಪ್ಪಿ ತಿಳಿಸಿದರೆ ಸಾಕು ಎನ್ನುವುದು ಒಂದು. ಪಟ್ಟಿಯನ್ನು ಒಂದು ತಿಂಗಳು ಮುಂಚೆ ಹಾಕುವುದು ಇನ್ನೊಂದು. ಉಳಿದದ್ದಕ್ಕೆ ಮೇಲಿನಿಂದ ಅನುಮತಿ ಸಿಕ್ಕಿಲ್ಲ ಎಂಬುದನ್ನೂ ತಂಡಕ್ಕೆ ಹಾಗೇ ತಿಳಿಸಿ.